ಮೂರು ಶಾಖೆಗೆ ಒಬ್ಬರೇ ಅಕ್ಕ

ಸಮಾನತೆಯ ವಿಷಯವಾಗಿ ಮಾತನಾಡಲು ನಾನು ಎಲ್ಲಿಗೆ ಹೋದರೂ, ನನಗಿಂತ ಮೊದಲೇ ಯಾವುದಾದರೊಂದು ಪ್ರಸಂಗ ಅಲ್ಲಿಗೆ ಬಂದು ಕುರ್ಚಿ ಹಿಡಿದು ಕುಳಿತಿರುತ್ತಿತ್ತು. ಅರವತ್ತು ತುಂಬಿದ ಈಗಲೂ ಅದು ಪೂರ್ತಿ ನಿಂತಿಲ್ಲ. ಅಂದಿನಷ್ಟು ಧಾರಾಳವಾಗಿ ಮಾತ್ರ ನಡೆಯುತ್ತಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ನಾನು ಮೂಡಬಿದ್ರೆಯ ಕಾಲೇಜೊಂದರಲ್ಲಿ ಸಮಾಜಶಾಸ್ತ್ರದ ಅಧ್ಯಾಪಕಿ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆಗಳಲ್ಲಿ ಶಾಖೆಗಳಿದ್ದ ಒಂದು ಸಹಕಾರಿ ಸಂಘದ ಸಿಬ್ಬಂದಿಗೆ 'ಕಚೇರಿಯಲ್ಲಿ ಸಮಾನತೆ' ಎಂಬ ಒಂದು ದಿನದ ತರಬೇತಿ ನೀಡುವ ಹೊಣೆ ನನಗೆ ಬಂತು. ಕೃಷಿಕರಿಗೆ ಗೊಬ್ಬರ, ಬೀಜ, ಮೈಲುತುತ್ತು ಮಾರುವ ಸಂಘ ಅದು. ಹೆಣ್ಣೆಂದು, ಬೇರೆ ಜಾತಿಯವರೆಂದು, ಬೇರೆ ಮತದವರೆಂದು ಸಹೋದ್ಯೋಗಿಯನ್ನು ಕೀಳಾಗಿ ಕಾಣಬಾರದೆಂಬುದು ಪಾಠದ ಸಾರ. ಸಂಜೆ, ಕಲಿತವರು ಒಬ್ಬೊಬ್ಬರಾಗಿ ಎದ್ದು ತಮ್ಮ ಅನಿಸಿಕೆ ಹೇಳಬೇಕು. ಮೇಲಿನಿಂದ ಬಂದ ಸುತ್ತೋಲೆಯ ಪ್ರಕಾರ ಈ ತರಬೇತಿ ಊರಿಂದ ಊರಿಗೆ ಮತ್ತೆ ಮತ್ತೆ ನಡೆಯಿತು; ಪ್ರತಿ ಸಲವೂ ಮೂರೂ ಶಾಖೆಗಳಿಂದ ಕೆಲವರು ಬರುತ್ತಿದ್ದರು. ನಾನು ಕಲಿಸಿದ್ದು ಎಷ್ಟು ಉಳಿಯಿತೋ ತಿಳಿಯದು. ಅವರು ಹೇಳಿದ ಅನಿಸಿಕೆಗಳು ನನ್ನಲ್ಲಿ ಉಳಿದಿವೆ.

೧. ಹೋಳಿಗೆಯ ನ್ಯಾಯ

ಮೊದಲ ತರಬೇತಿ ಬಂಟ್ವಾಳದಲ್ಲಿ. ಸಭಾಂಗಣದ ತುಂಬ ಗಂಡಸರು. ನಡುವೆ ಒಬ್ಬರೇ ಒಬ್ಬರು ಮಹಿಳೆ. ಮೂಡಬಿದ್ರೆ ಶಾಖೆಯ ಹಿರಿಯ ಗುಮಾಸ್ತೆ. ವಯಸ್ಸಿನಲ್ಲಿ ಅವರಿಗಿಂತ ದೊಡ್ಡವರೂ ಅವರನ್ನು 'ಅಕ್ಕ' ಎಂದೇ ಕರೆಯುತ್ತಿದ್ದರು. ಬೆಳಗಿನ ಚಹಾದ ಹೊತ್ತಿಗೆ ಅವರು ನನ್ನ ಪಕ್ಕದಲ್ಲಿ ನಿಂತು, ಲೋಟ ನೋಡುತ್ತ ಹೇಳಿದರು:

"ನಮ್ಮ ಮ್ಯಾನೇಜರಿಗೆ ಬರುವ ವರ್ಷ ನಿವೃತ್ತಿ, ಮೇಡಂ. ಅವರ ನಂತರ ಸೀನಿಯರ್ ಅಂದ್ರೆ ನಾನೇ. ಆದ್ರೆ ಆ ಕುರ್ಚಿಯಲ್ಲಿ ಇಷ್ಟರವರೆಗೆ ಹೆಂಗಸರು ಕೂತದ್ದಿಲ್ಲ."

"ನಿಮಗೆ ಕೂರುವ ಮನಸ್ಸಿದೆಯೇ?"

"ಉಂಟು." ಅವರು ತಡಮಾಡಲಿಲ್ಲ. "ಯಾರೂ ಇಲ್ಲದಾಗ ಒಂದೆರಡು ಸಲ ಕೂತು ನೋಡಿದ್ದೇನೆ. ಸರಿ ಆಗ್ತದೆ."

ಆ ಮಾತು ಕೇಳಿದ ಮೇಲೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಇಷ್ಟು ಸ್ಪಷ್ಟವಾದ ಅರ್ಹತೆ, ಇಷ್ಟು ಸ್ಪಷ್ಟವಾದ ಇಚ್ಛೆ. ಈ ಗಂಡಸರ ಮನಸ್ಸು ಸಂಜೆಯೊಳಗೆ ಬದಲಾಗಬೇಕೆಂದು ಹಟ ಹಿಡಿದು ಪಾಠ ಮಾಡಿದೆ. ಮಧ್ಯಾಹ್ನದ ಊಟವನ್ನೂ ಅರ್ಧಕ್ಕೆ ಬಿಟ್ಟು ಎದ್ದೆ. ಸಂಜೆ ಅನಿಸಿಕೆ ಕೇಳಿದೆ.

ಮೊದಲನೆಯವರು ಎದ್ದರು. "ತರಬೇತಿ ಬಹಳ ಉಪಯುಕ್ತವಾಗಿತ್ತು. ಊಟವೂ ಒಳ್ಳೇದಿತ್ತು." ಎರಡನೆಯವರು, "ಊಟ ಬಹಳ ಒಳ್ಳೇದಿತ್ತು. ತರಬೇತಿಯೂ ಉಪಯುಕ್ತವಾಗಿತ್ತು." ಮೂರನೆಯವರು ತರಬೇತಿಯನ್ನು ಕೈಬಿಟ್ಟು ನೇರವಾಗಿ ಕಡಲೆ ಗಸಿಯ ರುಚಿಗೆ ಬಂದರು.

"ಊಟದ ವಿಷಯ ಸಾಕು," ಎಂದೆ. "ಸಮಾನತೆಯ ಬಗ್ಗೆ ಹೇಳಿ."

ಸಂಘದ ಅಕೌಂಟೆಂಟರು ನಿಧಾನವಾಗಿ ಎದ್ದು, ನ್ಯಾಯಾಧೀಶರ ಗಾಂಭೀರ್ಯದಲ್ಲಿ ಯೋಚಿಸಿ ಹೇಳಿದರು: "ಸಮಾನತೆ ಇತ್ತು ಮೇಡಂ. ಭೇದ ಮಾಡ್ಲಿಲ್ಲ. ಜಾತಿ, ಮತ ನೋಡದೆ ಎಲ್ಲರಿಗೂ ಎರಡೆರಡು ಹೋಳಿಗೆ ಬಡಿಸಿದ್ದಾರೆ."

ಕುಳಿತುಕೊಳ್ಳುವಾಗ ಸತ್ಯಕ್ಕೆ ಲೋಪವಾಗಬಾರದೆಂದು ಸೇರಿಸಿದರು: "ನಮ್ಮ ಸಂಘದ ಅಧ್ಯಕ್ಷರಿಗೆ ಮಾತ್ರ ಮೂರು. ಅದು ಇರ್ಬೇಕಾದ್ದೇ."

೨. ಎರವಲು ಮಹಿಳೆ

ಎರಡನೆಯ ತರಬೇತಿ ಬೆಳ್ತಂಗಡಿಯಲ್ಲಿ. ಬಾಗಿಲಲ್ಲೇ ಅಕ್ಕ ಎದುರಾದರು.

"ನೀವು ಮೂಡಬಿದ್ರೆಯವರಲ್ಲವೇ? ನಿಮ್ಮ ತರಬೇತಿ ಬಂಟ್ವಾಳದಲ್ಲಿ ಆಗಲೇ ಮುಗಿದಿದೆ."

"ಇವತ್ತು ನಾನು ಬೆಳ್ತಂಗಡಿಯವಳು, ಮೇಡಂ."

ವಿವರ ಕೇಳಿದೆ. ಪ್ರತಿಯೊಂದು ಶಾಖೆಯಿಂದ ಒಬ್ಬ ಮಹಿಳೆಯಾದರೂ ತರಬೇತಿಯಲ್ಲಿ ಇರತಕ್ಕದ್ದು ಎಂದು ಸುತ್ತೋಲೆ ಹೇಳಿತ್ತು. ಮೂರು ಶಾಖೆಗಳಲ್ಲಿ ಸೇರಿ ಇದ್ದ ಮಹಿಳೆ ಅಕ್ಕ ಒಬ್ಬರೇ. ಸಂಘದ ಅಧ್ಯಕ್ಷರು ಸರಳವಾದ ಪರಿಹಾರ ಕಂಡುಕೊಂಡಿದ್ದರು: ತರಬೇತಿ ಎಲ್ಲಿದ್ದರೂ ಅಕ್ಕ ಹೋಗುವುದು, ಆ ದಿನದ ಮಟ್ಟಿಗೆ ಯಾವ ಶಾಖೆಗೆ ಬೇಕೋ ಆ ಶಾಖೆಯವರಾಗುವುದು.

"ನೀವು ಒಪ್ಪಿದಿರಾ?"

"ಒಪ್ಪದೆ ಎಂತ ಮಾಡುವುದು? ಕುರ್ಚಿ ಕೊಡುವವರು ಅವರೇ ಅಲ್ವಾ?"

ಮಧ್ಯಾಹ್ನ ಒಂದು ಚಟುವಟಿಕೆ ಇಟ್ಟಿದ್ದೆ. ಮೂರೂ ಶಾಖೆಗಳ ಮಹಿಳಾ ಪ್ರತಿನಿಧಿಗಳು ಎದ್ದು ತಮ್ಮ ಶಾಖೆಯ ಒಂದು ಸಮಸ್ಯೆ ಹೇಳಬೇಕು. ಕಾಗದದ ಮೇಲೆ ಯೋಜಿಸುವಾಗ ಅದು ಅರ್ಥಪೂರ್ಣವಾಗಿ ಕಂಡಿತ್ತು. ಅಕ್ಕನನ್ನು ಬಾಗಿಲಲ್ಲಿ ಕಂಡ ಮೇಲಾದರೂ ನಾನದನ್ನು ಕೈಬಿಡಬಹುದಿತ್ತು. ಯೋಜಿಸಿದ್ದನ್ನು ಬಿಡುವ ಅಭ್ಯಾಸ ನನಗಿಲ್ಲ.

ಅಕ್ಕ ಎದ್ದರು. "ಮೂಡಬಿದ್ರೆ ಶಾಖೆಯ ಪರವಾಗಿ: ನಮ್ಮಲ್ಲಿ ಹೆಂಗಸರು ಬಹಳ ಕಡಿಮೆ." ಕುಳಿತರು. ಮತ್ತೆ ಎದ್ದರು. "ಬಂಟ್ವಾಳ ಶಾಖೆಯ ಪರವಾಗಿ: ಈಗ ಮಾತಾಡಿದ ಸಹೋದರಿಯ ಮಾತನ್ನು ನಾನು ಬೆಂಬಲಿಸ್ತೇನೆ." ಕುಳಿತರು. ಮೂರನೆಯ ಸಲ ಎದ್ದು ಸೆರಗು ಸರಿಪಡಿಸಿಕೊಂಡರು.

"ಬೆಳ್ತಂಗಡಿ ಶಾಖೆಯ ಪರವಾಗಿ: ಹೆಂಗಸರೆಲ್ಲ ಹೀಗೆ ಒಟ್ಟಾಗಿ ಮಾತಾಡುವುದು ಕಂಡು ಸಂತೋಷ ಆಯ್ತು."

೩. ಮುಂದಿನ ಸೀಟಿನವರು

ನಮ್ಮ ಕಡೆ ಸಭಾಂಗಣದ ಒಳಗೆ ಅನಿಸಿಕೆ ಕನ್ನಡದಲ್ಲಿ ಬರುತ್ತದೆ. ಕನ್ನಡದಲ್ಲಿ ಎಲ್ಲರೂ ಸಭ್ಯರು. ನಿಜವಾದ ಅನಿಸಿಕೆ ತುಳುವಿನಲ್ಲಿ, ಬಸ್ಸಿನಲ್ಲಿ ಬರುತ್ತದೆ. ಇದು ನನಗೆ ತಿಳಿದದ್ದು ಬಂಟ್ವಾಳದಲ್ಲಿ ಮತ್ತೊಂದು ತರಬೇತಿ ಮುಗಿಸಿ ಮನೆಗೆ ಮರಳುವಾಗ. ಮೂಡಬಿದ್ರೆ ಶಾಖೆಯ ಇಬ್ಬರು ನನ್ನ ಮುಂದಿನ ಸೀಟಿನಲ್ಲೇ ಕುಳಿತರು. ಹಿಂದೆ ತಿರುಗಿ ನೋಡಲಿಲ್ಲ. ಅವರ ತುಳುವನ್ನು ಕನ್ನಡದಲ್ಲಿ ಕೊಡುತ್ತಿದ್ದೇನೆ.

"ಆ ಮೇಡಂ ಹೇಳಿದ್ದು ಸರಿಯೇ, ಮಾರಾಯ. ಆದ್ರೆ ಅದೆಲ್ಲ ಮಂಗಳೂರಿಗೆ ಆಗುವಂಥದ್ದು."

"ಮಂಗಳೂರಲ್ಲಿ ನನ್ನ ಭಾವ ಉಂಟಲ್ಲ, ಅವನೂ ಇದೇ ತರಬೇತಿಗೆ ಹೋಗಿದ್ದ. ಅದು ಬೆಂಗಳೂರಿಗೆ ಆಗುವಂಥದ್ದು ಅಂತ ಹೇಳ್ತಾನೆ."

ಕಂಡಕ್ಟರ್ ಬಂದು ಟಿಕೆಟ್ ಹರಿದು ಹೋದ. ಬಳಿಕ ಮಾತು ಅಕ್ಕನ ಕಡೆಗೆ ಹೊರಳಿತು. ನಾನು ಸೀಟಿನ ಅಂಚಿಗೆ ಬಂದೆ.

"ಅಕ್ಕ ಮ್ಯಾನೇಜರ್ ಆಗುವುದು ಕಷ್ಟ. ಕತ್ತಲಾಗುವಾಗ ಗೊಬ್ಬರದ ಲಾರಿ ಬಂದ್ರೆ ಇಳಿಸಿಕೊಳ್ಳುವುದು ಯಾರು?"

"ಈಗ ಯಾರು ಇಳಿಸಿಕೊಳ್ಳುವುದು?"

"ಈಗ ಅಕ್ಕನೇ. ಮ್ಯಾನೇಜರ್ ಐದಕ್ಕೆ ಬಸ್ಸು ಹತ್ತುತ್ತಾರಲ್ಲ."

"ಮತ್ತೆ?"

"ಅಲ್ಲ ಮಾರಾಯ, ಗುಮಾಸ್ತೆಯಾಗಿ ಇಳಿಸುವುದು ಬೇರೆ. ಮ್ಯಾನೇಜರ್ ಆಗಿ ಇಳಿಸುವುದು ಹೆಂಗಸರಿಂದ ಆಗ್ತದಾ?"

ನನಗೆ ಎದ್ದು ನಿಂತು ಬಸ್ಸಿನಲ್ಲೇ ತರಬೇತಿಯ ಎರಡನೆಯ ಭಾಗ ಆರಂಭಿಸೋಣವೆನಿಸಿತು. ಎದ್ದೂ ಎದ್ದೆ. ಅಷ್ಟರಲ್ಲಿ ಸಿದ್ದಕಟ್ಟೆಯ ತಿರುವಿನಲ್ಲಿ ಬಸ್ಸು ವಾಲಿದ್ದರಿಂದ ಮತ್ತೆ ಕುಳಿತೆ. ಅವರ ಮಾತು ಆಗಲೇ ಮುಂದೆ ಹೋಗಿತ್ತು.

"ಆ ಮೇಡಂನ ಗಂಡ ಎಂತ ಮಾಡುವುದು?"

ಇನ್ನೊಬ್ಬರು ದೀರ್ಘವಾಗಿ ಉಸಿರು ಬಿಟ್ಟರು. "ಪಾಪ. ಕೇಳ್ತಾ ಇರ್ತಾರೆ."

೪. ಕಿತ್ತಳೆ

ಮೂಡಬಿದ್ರೆಯ ತರಬೇತಿಯಲ್ಲಿ ಮಾತ್ರ ನನಗೆ ಒಬ್ಬ ನಿಜವಾದ ಶಿಷ್ಯ ಸಿಕ್ಕಿದರು: ನಿವೃತ್ತಿಗೆ ಹತ್ತಿರವಾಗಿದ್ದ ಅದೇ ಮ್ಯಾನೇಜರು. ಅವರು ಊಟದ ಹೆಸರೆತ್ತಲಿಲ್ಲ. ಎದ್ದು ನಿಂತು, ಕಣ್ಣಲ್ಲಿ ನೀರು ತುಂಬಿಕೊಂಡು, "ಇಷ್ಟು ವರ್ಷ ನಾನು ಉಂಡ ಬಟ್ಟಲನ್ನು ನಾನು ಎತ್ತಿದವನಲ್ಲ. ಇಂದಿನಿಂದ ಸಮಾನತೆಯನ್ನು ಮನೆಯಿಂದಲೇ ಆರಂಭಿಸ್ತೇನೆ," ಎಂದರು. ನಾನು ಅಂದು ರಾತ್ರಿ ನೆಮ್ಮದಿಯಿಂದ ನಿದ್ರೆ ಮಾಡಿದೆ.

ಮುಂದಿನ ವಾರ ಮಾರುಕಟ್ಟೆಯ ಬಳಿ ಸಿಕ್ಕರು. ಮುಖ ಬಾಡಿತ್ತು.

"ಆರಂಭಿಸಿದಿರಾ?"

"ಆರಂಭಿಸಿದೆ. ನಿಲ್ಲಿಸಿದೆ." ಸುತ್ತ ನೋಡಿ ಸ್ವರ ತಗ್ಗಿಸಿದರು. "ಉಂಡ ಬಟ್ಟಲು ಹಿಡಿದುಕೊಂಡು ಬಚ್ಚಲಿಗೆ ಹೋದೆ. ತೊಳೆಯುತ್ತಿದ್ದೆ, ಹೆಂಡತಿ ಬಂದು ನೋಡಿದಳು. ಬಾಗಿಲ ಹತ್ತಿರ ಕೂತು ಅಳ್ಲಿಕ್ಕೆ ಸುರು ಮಾಡಿದಳು. ಡಾಕ್ಟರ್ ಎಂತ ಹೇಳಿದ್ರು, ನನ್ನಿಂದ ಅಡಗಿಸ್ಬೇಡಿ ಅಂತ."

"ಸಮಾಧಾನ ಹೇಳಿದಿರಷ್ಟೆ?"

"ನನಗೆ ಏನೂ ಆಗ್ಲಿಲ್ಲ, ಇದು ಸಮಾನತೆ ಅಂತ ಹೇಳಿದೆ. ಅದು ಯಾವ ಕಾಯಿಲೆ ಅಂತ ಅಮ್ಮ ಒಳಗಿನಿಂದ ಕೇಳಿದ್ರು. ತಮ್ಮನಿಗೆ ದುಬೈಗೆ ಫೋನ್ ಹೋಯಿತು. ಅವನು ಟಿಕೆಟ್ ವಿಚಾರಿಸಿದ."

ನನಗೆ ನಗು ತಡೆಯುವುದು ಕಷ್ಟವಾಯಿತು. ಅದಕ್ಕಿಂತ ಮುಖ್ಯವಾದ ಪ್ರಶ್ನೆ ಉಳಿದಿತ್ತು. "ಅಕ್ಕನ ವಿಷಯ?"

"ಬೋರ್ಡಿಗೆ ಅವರ ಹೆಸರನ್ನೇ ಹೇಳ್ತೇನೆ, ಮೇಡಂ, ಅದು ನನ್ನ ಮಾತು. ಅಧ್ಯಕ್ಷರು ಒಪ್ಪಬೇಕು ಅಷ್ಟೆ. ಕಚೇರಿಯಲ್ಲಿ ಎಷ್ಟು ಬೇಕಾದ್ರೂ ಸಮಾನತೆ ಮಾಡುವ. ಮನೆಯಲ್ಲಿ ಮಾತ್ರ ಬೇಡ." ಕೈಯಲ್ಲಿದ್ದ ಚೀಲವನ್ನು ನನ್ನ ಮುಂದೆ ಹಿಡಿದರು. "ಇದು ತೆಗೆದುಕೊಳ್ಳಿ. ನನ್ನನ್ನು ನೋಡ್ಲಿಕ್ಕೆ ಬಂದವರೆಲ್ಲ ಕಿತ್ತಳೆ ತಂದಿದ್ದಾರೆ. ಮನೆಯಲ್ಲಿ ಇಡ್ಲಿಕ್ಕೆ ಜಾಗ ಇಲ್ಲ."

೫. ಅಧ್ಯಕ್ಷರ ಕಷ್ಟ

ಮರು ವರ್ಷ, ಬೆಳ್ತಂಗಡಿಯಲ್ಲಿ ಮತ್ತೊಮ್ಮೆ ತರಬೇತಿ. ಅಕ್ಕ ಎಂದಿನಂತೆ ಮೊದಲ ಸಾಲಿನಲ್ಲಿದ್ದರು. ಪಾಠ ಅವರಿಗೆ ಬಾಯಿಪಾಠವಾಗಿತ್ತು. ನಾನು ವಾಕ್ಯದ ನಡುವೆ ತಡವರಿಸಿದರೆ ಮುಂದಿನ ಪದವನ್ನು ಮೆಲ್ಲನೆ ಒದಗಿಸುತ್ತಿದ್ದರು. ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಪಕ್ಕದ ಕಚೇರಿಗೆ ನನಗಾಗಿ ಫೋನ್ ಕರೆ ಬಂತು. ಮೂಡಬಿದ್ರೆಯ ಮ್ಯಾನೇಜರು.

"ಮೇಡಂ, ಅಕ್ಕ ಎಲ್ಲಿ? ಇವತ್ತು ಮೂರು ಗಂಟೆಗೆ ಮ್ಯಾನೇಜರ್ ಹುದ್ದೆಯ ಸಂದರ್ಶನ. ಬೋರ್ಡಿನವರೆಲ್ಲ ಬರ್ತಾರೆ."

"ಅವರು ಇಲ್ಲಿದ್ದಾರೆ. ಸಮಾನತೆ ಕಲಿಯುತ್ತಿದ್ದಾರೆ."

"ಅಯ್ಯೋ! ಅಲ್ಲಿಗೆ ಕಳಿಸಿದ್ದು ಯಾರು?"

"ನಿಮ್ಮ ಅಧ್ಯಕ್ಷರು."

"ಸಂದರ್ಶನ ಇಟ್ಟದ್ದೂ ಅವರೇ. ಅಕ್ಕನಿಗೆ ಯಾರೂ ಹೇಳ್ಲೇ ಇಲ್ವಾ?"

ಇದರಲ್ಲಿ ದುರುದ್ದೇಶವಿರಲಿಲ್ಲವೆಂದು ನಾನು ಇಂದಿಗೂ ನಂಬಿದ್ದೇನೆ. ದುರುದ್ದೇಶಕ್ಕೆ ಬೇಕಾಗುವಷ್ಟು ಗಮನವನ್ನು ಅಧ್ಯಕ್ಷರು ಈ ವಿಷಯಕ್ಕೆ ಕೊಟ್ಟಿರಲಿಲ್ಲ. ಅಕ್ಕನಿಗೆ ಹೇಳಿದೆ. ಅವರು ಚೀಲ ಕೈಗೆತ್ತಿಕೊಂಡರು. ಆದರೂ ಕೇಳಿದ್ದು ಬೇರೆಯೇ.

"ನಾನು ಅರ್ಧಕ್ಕೆ ಎದ್ದು ಹೋದ್ರೆ, ಮೇಡಂ, ಬೆಳ್ತಂಗಡಿ ಶಾಖೆಗೆ ಮಹಿಳೆ ಇಲ್ಲದ ಹಾಗೆ ಆಗ್ತದೆ. ನಾಳೆ ಅದನ್ನೇ ಹಿಡಿದು ನನ್ನನ್ನು ಬಿಟ್ಟರೆ?"

ನಾನು ವೇದಿಕೆಗೆ ಹೋಗಿ ಹೇಳಿದೆ: "ಇಂದಿನ ಪಾಠ ಇಲ್ಲಿಗೆ ಸಂಪೂರ್ಣವಾಯಿತು. ಅನಿಸಿಕೆ ಬೇಡ. ಊಟ ಮಾಡಿ ಹೊರಡಿ." ಸಭಾಂಗಣದಲ್ಲಿ ಚಪ್ಪಾಳೆ ನಿಲ್ಲಲೇ ಇಲ್ಲ. ನನ್ನ ವೃತ್ತಿಜೀವನದಲ್ಲಿ ಅಷ್ಟು ಪ್ರಾಮಾಣಿಕವಾದ ಮೆಚ್ಚುಗೆ ನನಗೆ ಬೇರೆಂದೂ ದೊರೆತಿಲ್ಲ.

ಬಸ್ಸಿಗಾಗಿ ನಿಂತೆವು. ಬಸ್ಸು ಬರಲಿಲ್ಲ. ನಾನು ರಸ್ತೆಯ ಈ ಬದಿಯಿಂದ ಆ ಬದಿಗೆ ಹೋದೆ, ಬಂದೆ. ಹಾಗೆ ನಡೆದಾಡಿದರೆ ಬಸ್ಸು ಬೇಗ ಬರುವುದಿಲ್ಲವೆಂದು ತಿಳಿದಿದ್ದರೂ ನಡೆದಾಡಿದೆ. ಕೊನೆಗೆ ಬಂದ ಬಸ್ಸು ಗುರುವಾಯನಕೆರೆಯಲ್ಲಿ ನಿಂತಿತು, ಕೈ ತೋರಿಸಿದ ಪ್ರತಿಯೊಬ್ಬರಿಗೂ ನಿಂತಿತು, ವೇಣೂರಿನಲ್ಲಿ ಪೂರ್ತಿಯಾಗಿಯೇ ನಿಂತಿತು. ಡ್ರೈವರ್ ಇಳಿದು ಹೋಟೆಲಿನಲ್ಲಿ ಚಹಾ, ಬನ್ಸ್ ಮುಂದಿಟ್ಟುಕೊಂಡು ಕುಳಿತ. ನಾನು ಇಳಿದು ಹೋಗಿ, ವಿಷಯದ ತುರ್ತು, ಮಹಿಳೆಯರ ಉದ್ಯೋಗದ ಹಕ್ಕು, ಸಂದರ್ಶನದ ಮಹತ್ವ ಎಲ್ಲವನ್ನೂ ಸ್ವಚ್ಛವಾದ ಕನ್ನಡದಲ್ಲಿ ವಿವರಿಸಿದೆ. ಆತ ಗೌರವದಿಂದ ಕೇಳಿದ.

"ಬಸ್ಸಿಗೆ ಟೈಮಿಂಗ್ ಉಂಟು, ಮೇಡಂ," ಎಂದು ಇನ್ನೊಂದು ಬನ್ಸ್ ತರಿಸಿದ.

ಆಗ ಅಕ್ಕ ಬಂದರು. ಬಗ್ಗಿ, ತುಳುವಿನಲ್ಲಿ ಒಂದೇ ಒಂದು ವಾಕ್ಯ ಹೇಳಿದರು. ಡ್ರೈವರ್ ಬನ್ಸನ್ನು ಅಲ್ಲಿಯೇ ಬಿಟ್ಟು ಓಡಿದ. ಬಸ್ಸು ಹೊರಟ ರಭಸಕ್ಕೆ ನಾನು ಸೀಟಿಗೆ ಬೀಳುತ್ತ ಕೇಳಿದೆ, "ಏನು ಹೇಳಿದಿರಿ?"

"ಗೊಬ್ಬರ ಇಳಿಸುವವರಿಗೆ ಹೇಳುವುದನ್ನೇ. ನೀವು ಕಲಿತವರು, ನಿಮ್ಮ ಎದುರು ಇನ್ನೊಮ್ಮೆ ಹೇಳ್ಲಿಕ್ಕೆ ಬರುವುದಿಲ್ಲ."

ಮೂಡಬಿದ್ರೆ ತಲುಪಿದಾಗ ಸಂದರ್ಶನ ಮುಗಿಯುತ್ತ ಬಂದಿತ್ತು. ಅದೇ ಹುದ್ದೆಗೆ ಬಂದಿದ್ದ ಇಬ್ಬರು ಗಂಡಸರು ಹೊರಗೆ ಬಂದು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದರು. ಅಕ್ಕ ಸೀದಾ ಒಳಗೆ ಹೋದರು. ನಾನು ಜಗಲಿಯ ಬೆಂಚಿನಲ್ಲಿ ಕುಳಿತೆ; ಎದ್ದೆ; ಅರ್ಧ ತೆರೆದ ಬಾಗಿಲ ಬಳಿಯ ಗೋಡೆಯಲ್ಲಿದ್ದ ಕ್ಯಾಲೆಂಡರನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದೆ. ಅಲ್ಲಿಂದ ಎಲ್ಲವೂ ಕೇಳುತ್ತಿತ್ತು.

"ನೀವು ಬೆಳ್ತಂಗಡಿಯಲ್ಲಿ ಇರ್ಬೇಕಿತ್ತಲ್ವಾ?" ಅಧ್ಯಕ್ಷರ ಸ್ವರದಲ್ಲಿ ನಿಜವಾದ ಗಾಬರಿ.

"ತರಬೇತಿ ಬೇಗ ಮುಗಿಯಿತು."

"ಹಾಗಾದ್ರೆ ಸರಿ. ಕೂತುಕೊಳ್ಳಿ. ಈಗ, ಕತ್ತಲಾಗುವಾಗ ಗೊಬ್ಬರದ ಲಾರಿ ಬಂತು. ಎಂತ ಮಾಡ್ತೀರಿ?"

"ಇಳಿಸಿಕೊಳ್ತೇನೆ."

"ಲೋಡು ಇಳಿಸುವವರು ಮಾತು ಕೇಳುವುದಿಲ್ಲ. ಆಗ?"

"ಕಳೆದ ತಿಂಗಳು ಅವರು ಮಾತು ಕೇಳದಿದ್ದದ್ದು ನಿಮ್ಮದು, ಅಧ್ಯಕ್ಷರೇ. ಅಕ್ಕನನ್ನು ಕರೀರಿ ಅಂತ ನೀವೇ ಆಳು ಕಳಿಸಿದ್ದೀರಿ. ನಾನು ಬಂದ ಮೇಲೆ ಲಾರಿ ಖಾಲಿ ಆಯ್ತಾ ಇಲ್ವಾ?"

ಒಳಗೆ ಯಾರೋ ಜೋರಾಗಿ ನಕ್ಕರು. ಅದು ಬೋರ್ಡಿನ ಸದಸ್ಯರಾಗಿದ್ದ ಹಾಜಿಯವರು; ಬಹಳ ಕಾಲ ಸೌದಿಯಲ್ಲಿದ್ದು ಬಂದು ಊರಿನಲ್ಲಿ ಅಂಗಡಿ ಇಟ್ಟವರು. "ಆಯ್ತಲ್ಲ ಅಧ್ಯಕ್ಷರೇ, ಇನ್ನೆಂತ ಕೇಳ್ಲಿಕ್ಕುಂಟು? ಆ ಇಬ್ಬರಲ್ಲಿ ಒಬ್ಬರು ಲಾರಿ ಅಂದ ಕೂಡ್ಲೇ ನೀರು ಕೇಳಿದ್ರು."

ಅಧ್ಯಕ್ಷರು ಕಾಗದಗಳನ್ನು ಮೇಲೆ ಕೆಳಗೆ ಮಾಡುವ ಸದ್ದು ಕೇಳಿತು. ನಾನು ಕ್ಯಾಲೆಂಡರಿನ ಒಂದು ತಿಂಗಳು ತಿರುಗಿಸಿದೆ.

"ಅಕ್ಕನ ಕೆಲಸದ ಬಗ್ಗೆ ನನಗೆ ಒಂಚೂರು ಸಂಶಯ ಇಲ್ಲ," ಎಂದರು ಕೊನೆಗೆ. "ಈ ಮೂರು ಜನರಲ್ಲಿ ಅಕ್ಕನೇ ಮೇಲು. ಹೆಂಗಸು ಅಂತಲೂ ನಾನು ನೋಡುವುದಿಲ್ಲ. ನನ್ನ ಕಷ್ಟ ಬೇರೆ ಉಂಟು."

"ಎಂತ ಕಷ್ಟ?" ಎಂದರು ಹಾಜಿಯವರು.

"ಮ್ಯಾನೇಜರ್ ಆದವರು ಶಾಖೆ ಬಿಟ್ಟು ಊರೂರು ತಿರುಗ್ಲಿಕ್ಕಾಗುವುದಿಲ್ಲ. ಅಕ್ಕನನ್ನು ಮ್ಯಾನೇಜರ್ ಮಾಡಿದ್ರೆ, ಸಮಾನತೆಯ ತರಬೇತಿಗೆ ಯಾರನ್ನು ಕಳಿಸುವುದು?"

ನಾನು ಅಪ್ಪಣೆ ಕೇಳದೆ ಒಳಗೆ ನಡೆದೆ.

"ತರಬೇತಿಗೆ ನೀವೇ ಬನ್ನಿ," ಎಂದೆ.

ಅಧ್ಯಕ್ಷರು ನನ್ನನ್ನು ಕರುಣೆಯಿಂದ ನೋಡಿದರು. "ನಾವಾ? ನಾವು ಗಂಡಸರಲ್ವಾ, ಮೇಡಂ?"

ಆ ಕ್ಷಣದಲ್ಲಿ ನಾನು ಏನನ್ನು ಹೇಳಬೇಕೆಂದಿದ್ದೆನೋ ಅದನ್ನು ಹೇಳಲು ಹಾಜಿಯವರು ಬಿಡಲಿಲ್ಲ. "ಇಷ್ಟಕ್ಕೆ ತಲೆಬಿಸಿ ಯಾಕೆ?" ಎಂದು ಮೇಜು ತಟ್ಟಿದರು. "ಅಕ್ಕನನ್ನು ಮ್ಯಾನೇಜರ್ ಮಾಡುವ. ಅಕ್ಕನ ಜಾಗಕ್ಕೆ ಇನ್ನೊಬ್ಬರು ಹೇಗೂ ಬೇಕಲ್ಲ, ಒಬ್ಬ ಹುಡುಗಿಯನ್ನೇ ತೆಗೆದುಕೊಳ್ಳುವ. ತರಬೇತಿಗೆ ಅವಳು ಹೋಗ್ಲಿ."

ಅಧ್ಯಕ್ಷರ ಮುಖ ಅರಳಿತು. ಬೋರ್ಡು ಒಮ್ಮತದಿಂದ ಒಪ್ಪಿತು. ಅಕ್ಕ ಮ್ಯಾನೇಜರಾದರು. ಸಂಘದಲ್ಲಿ ಮಹಿಳೆಯರ ಸಂಖ್ಯೆ ಇಮ್ಮಡಿಯಾಯಿತು; ನನ್ನ ತರಬೇತಿಯ ಫಲವೆಂದು ಹೇಳಬಹುದಾದದ್ದು ಇದೊಂದೇ.

ಆ ಹುಡುಗಿಯನ್ನು ನಾನು ಕಂಡದ್ದು ಬಂಟ್ವಾಳದ ಮುಂದಿನ ತರಬೇತಿಯಲ್ಲಿ. ಪದವಿ ಮುಗಿಸಿ ಬಂದವಳು, ಶಿರ್ತಾಡಿಯ ಕಡೆಯವಳು. ಹೊಸ ಸೀರೆ, ಹೊಸ ಪೆನ್ನು. ಸಂಜೆಯವರೆಗೆ ಕಣ್ಣು ಮಿಟುಕಿಸದೆ ಕೇಳಿದಳು. ಅನಿಸಿಕೆಯ ಸರದಿ ಬಂದಾಗ ಎದ್ದು ನಿಂತಳು.

"ಕೆಲಸ ಹೇಗನಿಸುತ್ತಿದೆ?" ಎಂದು ಕೇಳಿದೆ.

"ಒಳ್ಳೇದುಂಟು, ಮೇಡಂ. ಕಷ್ಟ ಏನಿಲ್ಲ," ಎಂದಳು. "ಕಳೆದ ವಾರ ಸೇರಿದ್ದು. ಸುರುವಿನ ದಿನ ಬೆಳ್ತಂಗಡಿಯಲ್ಲಿ ಹೀಗೇ ಬೇರೆಯವರ ಒಂದು ಸಭೆಯಲ್ಲಿ ಕೂತೆ, ಮತ್ತೆ ದಿನಾ ಒಂದೊಂದು ಊರಿನ ಸಭೆ, ಇವತ್ತು ಇಲ್ಲಿ ಕೂತಿದ್ದೇನೆ." ಆಮೇಲೆ ಸಂಕೋಚದಿಂದ ಸುತ್ತ ನೋಡಿ ಕೇಳಿದಳು: "ನಮ್ಮ ಸಂಘಕ್ಕೆ ಆಫೀಸು ಅಂತ ಎಲ್ಲಿಯಾದ್ರೂ ಉಂಟಾ, ಮೇಡಂ?"